ದೊಡ್ಡ ಎಸ್‌ಯುವಿಗೆ ದೊಡ್ಡ ಬ್ರೇಕ್ ಹಾಕಿಸುವ ಮುಂಚೆ ತಿಳಿದಿರಬೇಕಾದದ್ದು

ಎರಡೂವರೆ ಟನ್ ತೂಗುವ ಎಸ್‌ಯುವಿ ಈಗ ಅಪರೂಪದ ಗಾಡಿ ಅಲ್ಲ. ಒಳಗೆ ಏಳು ಜನ, ಹಿಂದೆ ಸಾಮಾನು, ಮೇಲೆ ಕ್ಯಾರಿಯರ್, ಸಾಲದ್ದಕ್ಕೆ ಕಂಪನಿ ಕೊಟ್ಟಿದ್ದಕ್ಕಿಂತ ದೊಡ್ಡ ಟೈರ್. ಇಷ್ಟೆಲ್ಲ ಹೇರಿದ ಮೇಲೆ ಒಂದು ದಿನ ಉದ್ದದ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ, ಗಾಡಿ ಮೊದಲಿನ ಹಾಗೆ ನಿಲ್ಲುತ್ತಿಲ್ಲವಲ್ಲ ಅಂತ ಎದೆ ಝಲ್ ಎನ್ನುತ್ತದೆ. ಅಲ್ಲಿಂದ ಹುಡುಕಾಟ ಶುರು. ದೊಡ್ಡ ಡಿಸ್ಕ್ (ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ), ಅದನ್ನು ಹಿಡಿಯುವ ಆರು ಪಿಸ್ಟನ್ನಿನ ಕ್ಯಾಲಿಪರ್, ತೂತು ಕೊರೆದ ಡಿಸ್ಕ್, ರೇಸಿಂಗ್ ಪ್ಯಾಡ್. ಇವನ್ನು ಹಾಕಿಸಿದರೆ ಗಾಡಿ ಬೇಗ ನಿಲ್ಲುತ್ತದೆ ಅನ್ನುವ ಮಾತು ಎಲ್ಲ ಕಡೆ ಕೇಳಿಸುತ್ತದೆ. ಆ ಮಾತಿನಲ್ಲಿ ಅರ್ಧ ಮಾತ್ರ ನಿಜ. ಯಾವ ಅರ್ಧ ಅಂತ ತಿಳಿಯಬೇಕಾದರೆ ಬ್ರೇಕ್ ಹೇಗೆ ಕೆಲಸ ಮಾಡುತ್ತದೆ ಅನ್ನುವಲ್ಲಿಂದ ನೋಡಬೇಕು.

ಪೆಡಲ್‌ನಿಂದ ಚಕ್ರದವರೆಗೆ

ನೀವು ಪೆಡಲ್ ಒತ್ತುತ್ತೀರಿ. ಪೆಡಲ್ಲೇ ಒಂದು ಸನ್ನೆಕೋಲು, ಕಾಲಿನ ಬಲವನ್ನು ಅದು ಕೆಲವು ಪಟ್ಟು ಹೆಚ್ಚಿಸುತ್ತದೆ. ಅದರ ಹಿಂದೆ ಬೂಸ್ಟರ್ ಇದೆ, ಅದು ಇನ್ನಷ್ಟು ಬಲ ಸೇರಿಸುತ್ತದೆ. ಎಂಜಿನ್ ಆಫ್ ಮಾಡಿ ನಾಲ್ಕೈದು ಸಲ ಬ್ರೇಕ್ ಒತ್ತಿದರೆ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ ಅಲ್ವಾ, ಅದು ಬೂಸ್ಟರ್‌ನ ಸಹಾಯ ಮುಗಿಯಿತು ಎನ್ನುವುದರ ಗುರುತು.

ಬೂಸ್ಟರ್ ಮುಂದೆ ಮಾಸ್ಟರ್ ಸಿಲಿಂಡರ್. ಅದು ಬ್ರೇಕ್ ಆಯಿಲನ್ನು ಒತ್ತುತ್ತದೆ. ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಪೈಪಿನ ಮೂಲಕ ಒತ್ತಡ ಚಕ್ರದ ಹತ್ತಿರ ಬಂದು ಕ್ಯಾಲಿಪರ್‌ನೊಳಗಿನ ಪಿಸ್ಟನ್ನನ್ನು ತಳ್ಳುತ್ತದೆ. ಪಿಸ್ಟನ್ ಪ್ಯಾಡನ್ನು ತಳ್ಳುತ್ತದೆ, ಎರಡು ಕಡೆಯ ಪ್ಯಾಡ್‌ಗಳು ಸೇರಿ ತಿರುಗುವ ಡಿಸ್ಕನ್ನು ಹಿಡಿಯುತ್ತವೆ.

ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಸಣ್ಣ ಭಾಗ ಇದೆ. ಪಿಸ್ಟನ್ ಸುತ್ತ ಒಂದು ರಬ್ಬರ್ ಸೀಲ್ ಇರುತ್ತದೆ, ಅಡ್ಡ ಕತ್ತರಿಸಿ ನೋಡಿದರೆ ಚೌಕ. ಪಿಸ್ಟನ್ ಮುಂದೆ ಹೋದಾಗ ಈ ಸೀಲ್ ಸ್ವಲ್ಪ ವಾಲಿಕೊಳ್ಳುತ್ತದೆ. ಕಾಲು ತೆಗೆದ ತಕ್ಷಣ ಮತ್ತೆ ನೆಟ್ಟಗಾಗುತ್ತಾ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಪ್ಯಾಡನ್ನು ಹಿಂದಕ್ಕೆ ತರಲು ಅಲ್ಲಿ ಬೇರೆ ಸ್ಪ್ರಿಂಗ್ ಬೇಕಾಗುವುದಿಲ್ಲ. ಈ ರಬ್ಬರ್ ಹಳತಾಗಿ ಗಟ್ಟಿಯಾದರೆ ಪಿಸ್ಟನ್ ಹಿಂದೆ ಬರುವುದಿಲ್ಲ, ಪ್ಯಾಡ್ ಸದಾ ಉಜ್ಜುತ್ತಲೇ ಇರುತ್ತದೆ, ಡಿಸ್ಕ್ ಸುಮ್ನೆ ಬಿಸಿಯಾಗುತ್ತದೆ.

ಗಾಡಿಯ ವೇಗ ಎಲ್ಲಿಗೆ ಹೋಗುತ್ತದೆ?

ಶಾಖವಾಗಿ ಹೋಗುತ್ತದೆ. ಬ್ರೇಕ್ ಮಾಡುವ ಕೆಲಸ ಇಷ್ಟೇ, ಚಲನೆಯನ್ನು ಬಿಸಿಯಾಗಿ ಬದಲಿಸುವುದು. ಇದೊಂದು ಮಾತು ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸುಲಭ.

2,500 ಕಿಲೋ ತೂಕದ ಗಾಡಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಓಡುತ್ತಿದ್ದರೆ ಅದರಲ್ಲಿರುವ ಶಕ್ತಿ ಸುಮಾರು 965 ಕಿಲೋಜೂಲ್. ತಣ್ಣಗಿರುವ ಮೂರು ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಲು ಇಷ್ಟು ಶಕ್ತಿ ಸಾಕು. ಒಲೆಯ ಮೇಲೆ ಅದಕ್ಕೆ ಎಷ್ಟೋ ನಿಮಿಷ ಹಿಡಿಯುತ್ತದೆ. ಜೋರಾಗಿ ಬ್ರೇಕ್ ಹಾಕಿದಾಗ ನಿಮ್ಮ ಡಿಸ್ಕ್‌ಗಳು ಆ ಶಾಖವನ್ನೆಲ್ಲ ಮೂರು ನಾಲ್ಕು ಸೆಕೆಂಡಿನಲ್ಲಿ ನುಂಗಬೇಕು. ಅಂದರೆ ಆ ಕೆಲವು ಸೆಕೆಂಡ್ ಬ್ರೇಕ್ ಮಾಡುವ ಕೆಲಸ, ಗಾಡಿಯ ಎಂಜಿನ್ ಪೂರ್ತಿ ದಮ್ಮು ಹಾಕಿ ಮಾಡುವ ಕೆಲಸಕ್ಕಿಂತ ಸಾಮಾನ್ಯವಾಗಿ ಜಾಸ್ತಿಯೇ ಇರುತ್ತದೆ.

ತೂಕ ಎರಡು ಪಟ್ಟಾದರೆ ಶಾಖ ಎರಡು ಪಟ್ಟು. ಆದರೆ ವೇಗ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಗಂಟೆಗೆ 100 ಕಿ.ಮೀ. ಬದಲು 120ರಲ್ಲಿ ಹೋದರೆ ವೇಗ ಶೇ. 20 ಹೆಚ್ಚಿತು ಅಷ್ಟೇ ಅನ್ನಿಸುತ್ತದೆ, ಆದರೆ ಬ್ರೇಕ್ ಮೇಲೆ ಬೀಳುವ ಹೊರೆ ಶೇ. 44 ಹೆಚ್ಚುತ್ತದೆ.

ಈ ಶಾಖದಲ್ಲಿ ದೊಡ್ಡ ಪಾಲು ಮುಂದಿನ ಚಕ್ರಗಳದ್ದು. ಬ್ರೇಕ್ ಹಾಕಿದಾಗ ಗಾಡಿ ಮೂಗು ಬಗ್ಗಿಸುವುದನ್ನು ನೋಡಿರುತ್ತೀರಿ. ತೂಕ ಮುಂದಕ್ಕೆ ವಾಲುತ್ತದೆ, ಎಸ್‌ಯುವಿ ಎತ್ತರದ ಗಾಡಿ ಆದ್ದರಿಂದ ಇನ್ನೂ ಜಾಸ್ತಿ ವಾಲುತ್ತದೆ. ಜೋರು ಬ್ರೇಕಿನಲ್ಲಿ ಮುಕ್ಕಾಲು ಪಾಲು ತೂಕ ಮುಂದಿನ ಎರಡು ಟೈರ್‌ಗಳ ಮೇಲೆ ಬೀಳಬಹುದು.

ಮುಂದಿನ ಡಿಸ್ಕ್ ಒಂದೊಂದೂ ಹನ್ನೊಂದು ಕಿಲೋ ಇದೆ ಅಂದುಕೊಳ್ಳಿ. 100ರ ವೇಗದಿಂದ ಒಂದು ಸಲ ಪೂರ್ತಿ ನಿಲ್ಲಿಸಿದರೆ ಆ ಡಿಸ್ಕ್‌ಗಳ ಬಿಸಿ ಸುಮಾರು 60 ಡಿಗ್ರಿ ಏರುತ್ತದೆ. ಒಂದು ಸಲಕ್ಕೆ ಇದು ಏನೂ ಅಲ್ಲ. ಆರಲು ಬಿಡದೆ ಹತ್ತು ಸಲ ಮಾಡಿದರೆ? ಆರು ನೂರು ಡಿಗ್ರಿ ದಾಟಬಹುದು.

ರಸ್ತೆಯಲ್ಲಿ ಹಾಗೆ ಯಾರು ಓಡಿಸುತ್ತಾರೆ ಅಂತ ಕೇಳಬಹುದು. ಘಾಟಿ ಇಳಿಯುವವರೆಲ್ಲ ಹತ್ತಿರ ಹತ್ತಿರ ಅದನ್ನೇ ಮಾಡುತ್ತಾರೆ. ಅದೇ ಎರಡೂವರೆ ಟನ್ ಗಾಡಿ 500 ಮೀಟರ್ ಎತ್ತರದಿಂದ ಕೆಳಗೆ ಬಂದರೆ ಸುಮಾರು 12,000 ಕಿಲೋಜೂಲ್ ಶಕ್ತಿ ಎಲ್ಲಾದರೂ ಹೋಗಲೇಬೇಕು. ಅದು 100ರ ವೇಗದಿಂದ ಹನ್ನೆರಡು ಸಲ ನಿಲ್ಲಿಸಿದ್ದಕ್ಕೆ ಸಮ. ಕೆಳಗಿನ ಗೇರಿನಲ್ಲಿ ಇಳಿದರೆ ಅದರಲ್ಲಿ ದೊಡ್ಡ ಪಾಲನ್ನು ಎಂಜಿನ್ ಹೊರುತ್ತದೆ. ಮೇಲಿನ ಗೇರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಹೆಚ್ಚುಕಮ್ಮಿ ಪೂರ್ತಿ ಡಿಸ್ಕ್‌ಗೇ ಹೋಗುತ್ತದೆ. ಹಿಂದೆ ಟ್ರೇಲರ್ ಎಳೆಯುತ್ತಿದ್ದು ಅದಕ್ಕೆ ಅದರದ್ದೇ ಬ್ರೇಕ್ ಇಲ್ಲದಿದ್ದರೆ, ಆ ತೂಕವೂ ನಿಮ್ಮ ಗಾಡಿಯ ಬ್ರೇಕ್ ಲೆಕ್ಕಕ್ಕೇ ಬೀಳುತ್ತದೆ.

ಗಾಡಿಯನ್ನು ನಿಲ್ಲಿಸುವುದು ಟೈರ್

ಇದನ್ನು ಒಪ್ಪಿಕೊಳ್ಳುವುದು ಬಹಳ ಜನಕ್ಕೆ ಕಷ್ಟ. ಬ್ರೇಕ್ ನಿಲ್ಲಿಸುವುದು ಚಕ್ರವನ್ನು. ಗಾಡಿಯನ್ನು ನಿಲ್ಲಿಸುವುದು ಟೈರ್ ಮತ್ತು ರಸ್ತೆಯ ನಡುವಿನ ಹಿಡಿತ.

ಒಣ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದಾಗ, ಚಕ್ರ ತಿರುಗುವುದು ನಿಂತು ಜಾರದ ಹಾಗೆ ತಡೆಯುವ ಎಬಿಎಸ್ ಕೆಲಸ ಶುರುಮಾಡಿ ಪೆಡಲ್ ಕಾಲಿನಡಿ ಗಡಗಡ ಅಂದರೆ, ನಿಮ್ಮ ಬ್ರೇಕ್‌ಗೆ ಟೈರ್ ತಡೆಯುವುದಕ್ಕಿಂತ ಜಾಸ್ತಿ ಬಲ ಆಗಲೇ ಇದೆ ಎಂದರ್ಥ. ಅಲ್ಲಿಗೆ ಇನ್ನೂ ದೊಡ್ಡ ಡಿಸ್ಕ್ ಹಾಕಿದರೆ ಎಬಿಎಸ್ ಸ್ವಲ್ಪ ಹಗುರ ಒತ್ತುವಿಕೆಗೇ ಶುರುವಾಗುತ್ತದೆ, ಗಾಡಿ ಮಾತ್ರ ಅಷ್ಟೇ ದೂರದಲ್ಲಿ ನಿಲ್ಲುತ್ತದೆ. ಒಳ್ಳೆಯ ಒಣ ರಸ್ತೆಯಲ್ಲಿ 100ರ ವೇಗದಿಂದ ನಿಲ್ಲಲು, ಕಾಲು ಪೆಡಲ್ ಮುಟ್ಟಿದ ಮೇಲೆ, 45 ರಿಂದ 50 ಮೀಟರ್ ಬೇಕಾದರೆ, ಹಿಡಿತ ಕಮ್ಮಿ ಇರುವ ಒದ್ದೆ ರಸ್ತೆಯಲ್ಲಿ ಅದು 80 ಮೀಟರ್‌ವರೆಗೂ ಹೋಗಬಹುದು. ಬ್ರೇಕ್ ಎರಡು ಕಡೆಯೂ ಅದೇ. ವ್ಯತ್ಯಾಸ ಪೂರ್ತಿ ಟೈರ್ ಮತ್ತು ರಸ್ತೆಯ ನಡುವಿನ ಹಿಡಿತದ್ದು. ಸವೆದ ಟೈರ್ ಇಟ್ಟುಕೊಂಡು ದೊಡ್ಡ ಡಿಸ್ಕ್, ಕ್ಯಾಲಿಪರ್ ಸೇರಿದ ಬ್ರೇಕ್ ಕಿಟ್‌ಗೆ ದುಡ್ಡು ಸುರಿಯುವುದನ್ನು ಕಂಡರೆ ನನಗೆ ನಿಜವಾಗಿ ಸಂಕಟ ಆಗುತ್ತದೆ.

ಹಾಗಾದರೆ ದೊಡ್ಡ ಬ್ರೇಕ್ ಯಾಕೆ ಬೇಕು? ಶಾಖ ತಡೆಯಲು. ಮೊದಲನೇ ಸಲ ಹೇಗೆ ನಿಂತಿತೋ ಹತ್ತನೇ ಸಲವೂ ಹಾಗೇ ನಿಲ್ಲಲು. ಎಲ್ಲ ಕಡೆ ಕೇಳಿಸುವ ಆ ಮಾತಿನ ನಿಜವಾದ ಅರ್ಧ ಇದು.

ಇನ್ನೊಂದು ಕಾರಣವೂ ಇದೆ, ಅದನ್ನು ತಂದುಕೊಂಡವರು ನಾವೇ. 32 ಇಂಚಿನ ಟೈರ್ ತೆಗೆದು 35 ಇಂಚಿನದು ಹಾಕಿದರೆ ಚಕ್ರದ ಮಧ್ಯದಿಂದ ರಸ್ತೆಗೆ ಇರುವ ದೂರ ಸುಮಾರು ಶೇ. 9 ಹೆಚ್ಚುತ್ತದೆ. ಬ್ರೇಕ್ ಮೊದಲಿನಷ್ಟೇ ಜೋರಾಗಿ ಹಿಡಿದರೂ ರಸ್ತೆಗೆ ಮುಟ್ಟುವ ಬಲ ಅಷ್ಟರಮಟ್ಟಿಗೆ ಕಮ್ಮಿಯಾಗುತ್ತದೆ. ಜೊತೆಗೆ ಟೈರಿನ ತೂಕವೂ ಏರಿರುತ್ತದೆ, ತಿರುಗುವ ತೂಕವನ್ನು ನಿಲ್ಲಿಸುವುದು ಇನ್ನೂ ಕಷ್ಟ. ದೊಡ್ಡ ಟೈರ್ ಹಾಕಿದ ಮೇಲೆ ಬ್ರೇಕ್ ಮಂಕಾಯಿತು ಅಂತ ಯಾರಾದರೂ ಹೇಳಿದರೆ ಅದು ಬರೀ ಭ್ರಮೆ ಅಲ್ಲ.

ಪೆಡಲ್ ಏನು ಹೇಳುತ್ತಿದೆ, ಕೇಳಿ

ಬ್ರೇಕ್ ಸರಿಯಿಲ್ಲ ಅನ್ನುವ ಒಂದೇ ಮಾತಿನ ಹಿಂದೆ ಬೇರೆ ಬೇರೆ ತೊಂದರೆಗಳಿರುತ್ತವೆ. ಯಾವುದು ಅಂತ ಗೊತ್ತಿಲ್ಲದೆ ಸಾಮಾನು ತಂದು ಹಾಕಿದರೆ ತೊಂದರೆ ಅಲ್ಲೇ ಉಳಿಯುತ್ತದೆ.

ಇಳಿಜಾರಿನಲ್ಲಿ ಪೆಡಲ್ ಗಟ್ಟಿಯಾಗೇ ಇದೆ, ಎಷ್ಟು ಒತ್ತಿದರೂ ಗಾಡಿ ನಿಧಾನ ಆಗುತ್ತಿಲ್ಲ, ಸುಟ್ಟ ವಾಸನೆ ಬರುತ್ತಿದೆ ಅಂದರೆ ಪ್ಯಾಡ್ ಅದರ ಮಿತಿಗಿಂತ ಬಿಸಿಯಾಗಿ ಹಿಡಿತ ಬಿಟ್ಟಿದೆ. ಬ್ರೇಕ್ ಫೇಡ್ ಅನ್ನುವುದು ಇದಕ್ಕೇ.

ಪೆಡಲ್ ಮೆತ್ತಗಾಗಿ ನೆಲದ ಕಡೆ ಹೋಗುತ್ತಿದೆ ಅಂದರೆ ಬ್ರೇಕ್ ಆಯಿಲ್ ಕುದಿದಿರಬಹುದು. ಇದು ಎಲ್ಲಕ್ಕಿಂತ ಅಪಾಯದ್ದು. ದ್ರವವನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಆದ್ದರಿಂದಲೇ ಬ್ರೇಕ್ ಕೆಲಸ ಮಾಡುವುದು. ಆವಿಯನ್ನು ಮಾತ್ರ ಆರಾಮಾಗಿ ಕುಗ್ಗಿಸಬಹುದು. ಒಳಗೆ ಆವಿಯ ಗುಳ್ಳೆ ಎದ್ದರೆ ನಿಮ್ಮ ಕಾಲಿನ ಬಲವೆಲ್ಲ ಆ ಗುಳ್ಳೆಯನ್ನು ಹಿಸುಕಲು ಖರ್ಚಾಗುತ್ತದೆ, ಪ್ಯಾಡ್‌ವರೆಗೆ ಮುಟ್ಟುವುದೇ ಇಲ್ಲ. ಸಮತಟ್ಟು ರಸ್ತೆಯಲ್ಲಿ, ತಣ್ಣಗಿರುವಾಗಲೂ ಪೆಡಲ್ ಮೆತ್ತಗಿದ್ದರೆ ಒಳಗೆ ಗಾಳಿ ಸೇರಿರಬಹುದು, ಇಲ್ಲವೇ ಎಲ್ಲೋ ಸೋರುತ್ತಿದೆ. ಆಗ ಗಾಡಿ ಓಡಿಸಬೇಡಿ.

ಬ್ರೇಕ್ ಹಾಕಿದಾಗ ಸ್ಟೀರಿಂಗ್ ನಡುಗಿದರೆ ಡಿಸ್ಕ್ ಸೊಟ್ಟಗಾಗಿದೆ ಅಂತ ಎಲ್ಲರೂ ಹೇಳುತ್ತಾರೆ. ಹೆಚ್ಚಿನ ಸಲ ಅದು ಸೊಟ್ಟಗಾಗಿರುವುದಿಲ್ಲ. ಡಿಸ್ಕ್‌ನ ದಪ್ಪ ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ ಆಗಿರುತ್ತದೆ, ಅಥವಾ ಪ್ಯಾಡಿನ ಪದಾರ್ಥ ಅಲ್ಲಲ್ಲಿ ಮೆತ್ತಿಕೊಂಡಿರುತ್ತದೆ. ಬ್ರೇಕ್ ಕಾದಿರುವಾಗ ಗಾಡಿ ನಿಲ್ಲಿಸಿ ಪೆಡಲ್ ಒತ್ತಿಕೊಂಡೇ ಕೂತರೆ ಹೀಗೆ ಮೆತ್ತಿಕೊಳ್ಳುತ್ತದೆ.

ಮೊದಲು ಇರುವುದನ್ನು ಸರಿಮಾಡಿ

ಚಕ್ರ ಬಿಚ್ಚಿ ಎರಡು ಪ್ಯಾಡ್‌ಗಳನ್ನೂ ಹೊರಗೆ ತೆಗೆದು ಅಕ್ಕಪಕ್ಕ ಇಟ್ಟು ನೋಡಿ. ಒಳಗಿನ ಪ್ಯಾಡ್ 3 ಮಿ.ಮೀ. ಉಳಿದಿದೆ, ಹೊರಗಿನದು ಇನ್ನೂ 8 ಮಿ.ಮೀ. ಇದೆ ಅಂದರೆ ಕ್ಯಾಲಿಪರ್ ಜಾರುವ ಪಿನ್ ಹಿಡಿದುಕೊಂಡಿರಬಹುದು. ತುಂಬಾ ಎಸ್‌ಯುವಿಗಳಲ್ಲಿ ಪಿಸ್ಟನ್ ಒಳಗಡೆ ಮಾತ್ರ ಇರುತ್ತದೆ. ಅದು ಒಳಗಿನ ಪ್ಯಾಡನ್ನು ತಳ್ಳಿದ ಮೇಲೆ ಇಡೀ ಕ್ಯಾಲಿಪರ್ ಪಿನ್ ಮೇಲೆ ಜಾರಿ ಹೊರಗಿನ ಪ್ಯಾಡನ್ನು ಎಳೆದು ತರಬೇಕು. ಪಿನ್ ತುಕ್ಕು ಹಿಡಿದಿದ್ದರೆ ಅಥವಾ ಗ್ರೀಸ್ ಒಣಗಿದ್ದರೆ ಆ ಜಾರಾಟ ನಿಂತುಹೋಗುತ್ತದೆ, ಒಂದೇ ಪ್ಯಾಡ್ ಎಲ್ಲ ಕೆಲಸ ಮಾಡುತ್ತದೆ. ಪಿನ್ ತೊಳೆದು, ಅದಕ್ಕೆಂದೇ ಇರುವ ಗ್ರೀಸ್ ಹಚ್ಚಿ, ರಬ್ಬರ್ ಮುಚ್ಚಳ ಹರಿದಿದ್ದರೆ ಬದಲಿಸಿದರೆ, ಅರ್ಧ ಸತ್ತಿದ್ದ ಬ್ರೇಕ್ ಮತ್ತೆ ಜೀವ ಪಡೆಯುತ್ತದೆ. ಇದಕ್ಕೆ ಆಗುವ ಖರ್ಚು ಕಿಟ್‌ಗೆ ಹೋಲಿಸಿದರೆ ಏನೇನೂ ಅಲ್ಲ.

ಡಿಸ್ಕ್ ಅಂಚಿನಲ್ಲೋ ಮಧ್ಯದ ಭಾಗದಲ್ಲೋ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಅಚ್ಚು ಹಾಕಿರುತ್ತಾರೆ. ಅದಕ್ಕಿಂತ ತೆಳುವಾಗಿದ್ದರೆ ಬದಲಿಸಲೇಬೇಕು, ಯಾಕೆಂದರೆ ಕಬ್ಬಿಣ ಕಮ್ಮಿಯಾದಷ್ಟೂ ಶಾಖ ತುಂಬಿಕೊಳ್ಳುವ ಜಾಗ ಕಮ್ಮಿ. ನೀಲಿ ಬಣ್ಣದ ಮಚ್ಚೆ ಕಂಡರೆ ಅದು ವಿಪರೀತ ಕಾದಿತ್ತು ಅಂತ ತಿಳಿಯಿರಿ. ಅಲ್ಲಿ ಕೂತಿರುವ ಕಪ್ಪು ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಅದು ನೇರ ಶ್ವಾಸಕೋಶಕ್ಕೆ ಹೋಗುತ್ತದೆ.

ಬ್ರೇಕ್ ಆಯಿಲ್: ಎಲ್ಲರೂ ಮರೆಯುವ ಸಾಮಾನು

ಮಾಮೂಲಿ ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಮೆಲ್ಲಗೆ ಹೀರಿಕೊಳ್ಳುತ್ತದೆ. ನೀರು ಸೇರಿದಷ್ಟೂ ಅದು ಬೇಗ ಕುದಿಯುತ್ತದೆ. ಡಬ್ಬಿಯ ಮೇಲೆ ಡಾಟ್ 3, ಡಾಟ್ 4, ಡಾಟ್ 5.1 ಅಂತ ಬರೆದಿರುವುದು ಇದೇ ಲೆಕ್ಕದ ದರ್ಜೆ. ಡಾಟ್ 3 ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು, ತೇವ ಹಿಡಿದ ಮೇಲೆ 140 ಡಿಗ್ರಿ. ಡಾಟ್ 4ಕ್ಕೆ ಅದು 230 ಮತ್ತು 155. ಡಾಟ್ 5.1ಕ್ಕೆ 260 ಮತ್ತು 180.

ಈ ಅಂಕಿಗಳನ್ನು ಇನ್ನೊಮ್ಮೆ ನೋಡಿ. ತೇವ ಹಿಡಿದ ಡಾಟ್ 4, ಹೊಸ ಡಾಟ್ 3ಕ್ಕಿಂತ ಎಷ್ಟೋ ಕೆಳಗಿದೆ. ಅಂದರೆ ದುಬಾರಿ ಆಯಿಲ್ ಹಾಕಿ ಐದಾರು ವರ್ಷ ಮರೆಯುವುದಕ್ಕಿಂತ ಮಾಮೂಲಿ ಆಯಿಲನ್ನೇ ಎರಡು ವರ್ಷಕ್ಕೊಮ್ಮೆ ಬದಲಿಸುವುದು ವಾಸಿ. ಘಾಟಿಯಲ್ಲಿ ಓಡಾಡುವ ಭಾರದ ಗಾಡಿಗೆ ಮಾಡಿಸಬಹುದಾದ ಅತ್ಯಂತ ಅಗ್ಗದ, ಅತ್ಯಂತ ಉಪಯೋಗದ ಅಪ್‌ಗ್ರೇಡ್ ಇದೇ ಅಂತ ನನ್ನ ಅಭಿಪ್ರಾಯ.

ಒಂದು ಎಚ್ಚರಿಕೆ. ಡಾಟ್ 5 ಮತ್ತು ಡಾಟ್ 5.1 ಒಂದೇ ಅಲ್ಲ. ಡಾಟ್ 5 ಸಿಲಿಕೋನ್‌ನಿಂದ ಮಾಡಿದ್ದು, ಉಳಿದವುಗಳ ಜೊತೆ ಬೆರೆಯುವುದಿಲ್ಲ. ಗಾಡಿಯ ಕೈಪಿಡಿಯಲ್ಲಿ ಯಾವುದು ಹೇಳಿದೆಯೋ ಅದನ್ನೇ ಹಾಕಿಸಿ.

ಪ್ಯಾಡ್: ಹೆಚ್ಚಿನವರಿಗೆ ಇಷ್ಟೇ ಸಾಕು

ಪ್ಯಾಡ್‌ಗಳ ವ್ಯತ್ಯಾಸ ಇರುವುದು ಅವು ಯಾವ ಬಿಸಿಯಲ್ಲಿ ಚೆನ್ನಾಗಿ ಹಿಡಿಯುತ್ತವೆ ಅನ್ನುವುದರಲ್ಲಿ. ಸೆರಾಮಿಕ್ ಪ್ಯಾಡ್‌ಗಳು ಸದ್ದು ಕಮ್ಮಿ, ಧೂಳು ಕಮ್ಮಿ, ದಿನನಿತ್ಯದ ಓಡಾಟಕ್ಕೆ ಹಿತ. ಲೋಹದ ಅಂಶ ಜಾಸ್ತಿ ಇರುವ ಸೆಮಿ ಮೆಟಾಲಿಕ್ ಪ್ಯಾಡ್‌ಗಳು ಸಾಮಾನ್ಯವಾಗಿ ಬಿಸಿಯನ್ನು ಚೆನ್ನಾಗಿ ತಡೆಯುತ್ತವೆ, ಬದಲಿಗೆ ಸ್ವಲ್ಪ ಸದ್ದು, ಜಾಸ್ತಿ ಧೂಳು. ಭಾರ ಹೊರುವ, ಟ್ರೇಲರ್ ಎಳೆಯುವ ಗಾಡಿಗೆ ಅಂತಲೇ ಮಾಡಿದ ಪ್ಯಾಡ್ ಹಾಕಿದರೆ ಎಷ್ಟೋ ಜನರ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ರೇಸಿಂಗ್ ಪ್ಯಾಡ್ ಮಾತ್ರ ರಸ್ತೆ ಗಾಡಿಗೆ ಬೇಡ. ಕಾದ ಮೇಲೆ ಅದ್ಭುತ, ನಿಜ. ಆದರೆ ಬೆಳಿಗ್ಗೆ ಮನೆಯಿಂದ ಹೊರಟು ಮೊದಲನೇ ತಿರುವಿನಲ್ಲಿ ಮಗು ಅಡ್ಡ ಓಡಿಬಂದರೆ, ತಣ್ಣಗಿರುವ ಆ ಪ್ಯಾಡ್ ಮಾಮೂಲಿ ಪ್ಯಾಡಿಗಿಂತ ಕಮ್ಮಿ ಹಿಡಿಯುತ್ತದೆ.

ಕೆಲವು ಪ್ಯಾಡ್‌ಗಳ ಅಂಚಿನಲ್ಲಿ ಇಂಗ್ಲಿಷಿನ ಎರಡು ಅಕ್ಷರ ಅಚ್ಚಾಗಿರುತ್ತದೆ, ಇಇ, ಎಫ್‌ಎಫ್, ಜಿಜಿ ಹೀಗೆ. ಮೊದಲನೆಯದು ಸಾಧಾರಣ ಬಿಸಿಯಲ್ಲಿ ಎಷ್ಟು ಹಿಡಿತ ಅಂತ, ಎರಡನೆಯದು ಜಾಸ್ತಿ ಕಾದಾಗ ಎಷ್ಟು ಅಂತ. ಇ ಅಂದರೆ ಘರ್ಷಣೆಯ ಪ್ರಮಾಣ 0.25 ರಿಂದ 0.35, ಎಫ್ ಅಂದರೆ 0.35 ರಿಂದ 0.45, ಜಿ ಅಂದರೆ 0.45 ರಿಂದ 0.55. ಎರಡನೇ ಅಕ್ಷರ ಕೆಳಗಿಳಿದಿದ್ದರೆ ಬಿಸಿಯಾದಾಗ ಹಿಡಿತ ಬಿಡುವ ಜಾತಿ ಅದು. ಆರ್90 ಎಂಬ ಅಂತರರಾಷ್ಟ್ರೀಯ ನಿಯಮದ ಮುದ್ರೆ ಇದ್ದರೆ, ಕಂಪನಿ ಪ್ಯಾಡಿಗೆ ಹತ್ತಿರವಾಗಿ ಕೆಲಸ ಮಾಡುತ್ತದೆ ಅಂತ ಪರೀಕ್ಷೆಯಾಗಿದೆ ಎಂದರ್ಥ.

ಚಕ್ರದ ಹತ್ತಿರ ಬ್ರೇಕ್ ಆಯಿಲ್ ಒಯ್ಯುವ ರಬ್ಬರ್ ಹೋಸ್ ಬದಲು ಸ್ಟೀಲ್ ಜಾಲರಿ ಹೆಣೆದ ಹೋಸ್ ಹಾಕಿಸಿದರೆ ಒತ್ತಡಕ್ಕೆ ಹೋಸ್ ಉಬ್ಬುವುದು ಕಮ್ಮಿಯಾಗಿ ಪೆಡಲ್ ಗಟ್ಟಿ ಅನ್ನಿಸುತ್ತದೆ. ಬ್ರೇಕಿನ ಬಲವೇನೂ ಹೆಚ್ಚುವುದಿಲ್ಲ.

ಡಿಸ್ಕ್ ಮತ್ತು ಕ್ಯಾಲಿಪರ್: ದೊಡ್ಡ ಖರ್ಚಿನ ಜಾಗ

ದೊಡ್ಡ ಡಿಸ್ಕ್‌ನಿಂದ ಎರಡು ಲಾಭ. ಪ್ಯಾಡ್ ಹಿಡಿಯುವ ಜಾಗ ಮಧ್ಯದಿಂದ ದೂರ ಹೋಗುವುದರಿಂದ ಅದೇ ಒತ್ತಡಕ್ಕೆ ಜಾಸ್ತಿ ತಿರುವು ಬಲ ಸಿಗುತ್ತದೆ. ಅದಕ್ಕಿಂತ ಮುಖ್ಯವಾಗಿ ಕಬ್ಬಿಣ ಜಾಸ್ತಿ ಇರುವುದರಿಂದ ಬಿಸಿ ನಿಧಾನ ಏರುತ್ತದೆ. ಕಂಪನಿಗಳೂ ಇದನ್ನೇ ಮಾಡುತ್ತವೆ. ಟೊಯೊಟಾ ಲ್ಯಾಂಡ್ ಕ್ರೂಸರ್ 200ರ ಅಮೆರಿಕದ ಮಾಡೆಲ್‌ನಲ್ಲಿ 340 ಮಿ.ಮೀ. ಇದ್ದ ಮುಂದಿನ ಡಿಸ್ಕ್ 2016ರಲ್ಲಿ 354 ಮಿ.ಮೀ. ಆಯಿತು. ಎರಡು ಟನ್ನಿಗೂ ಮೀರಿ ತೂಗಿ ಗಂಟೆಗೆ 300 ಕಿ.ಮೀ. ದಾಟುವ ಲ್ಯಾಂಬೋರ್ಗಿನಿ ಉರುಸ್‌ಗೆ ಮುಂದೆ 440 ಮಿ.ಮೀ.ನ ಕಾರ್ಬನ್ ಸೆರಾಮಿಕ್ ಡಿಸ್ಕ್ ಕೊಟ್ಟಿದ್ದಾರೆ.

ನಿಮ್ಮ ಗಾಡಿಯದ್ದೇ ಮೇಲಿನ ಮಾಡೆಲ್‌ನ ಅಥವಾ ಆಮೇಲೆ ಬಂದ ಮಾಡೆಲ್‌ನ ದೊಡ್ಡ ಡಿಸ್ಕ್, ಕ್ಯಾಲಿಪರ್ ಹೊಂದುತ್ತದಾ ಅಂತ ಮೊದಲು ವಿಚಾರಿಸಿ. ಕಂಪನಿ ಅದನ್ನು ಅಂಥದ್ದೇ ತೂಕದ ಗಾಡಿಗೆ ಪರೀಕ್ಷೆ ಮಾಡಿರುತ್ತದೆ, ಪ್ಯಾಡ್ ಮುಂದೆಯೂ ಸುಲಭವಾಗಿ ಸಿಗುತ್ತದೆ.

ಪಿಸ್ಟನ್ ಎಣಿಸಿ ಮರುಳಾಗಬೇಡಿ. ಎರಡು ಪಿಸ್ಟನ್‌ಗಳೂ ಒಂದೇ ಕಡೆ ಇರುವ ಜಾರುವ ಕ್ಯಾಲಿಪರ್, ಅದೇ ಅಳತೆಯ ನಾಲ್ಕು ಪಿಸ್ಟನ್ ಎದುರುಬದುರು ಇರುವ ಕ್ಯಾಲಿಪರ್‌ನಷ್ಟೇ ಬಲವಾಗಿ ಒತ್ತುತ್ತದೆ. ಜಾಸ್ತಿ ಪಿಸ್ಟನ್‌ನ ಲಾಭ ಬೇರೆ: ಉದ್ದದ, ದೊಡ್ಡ ಪ್ಯಾಡನ್ನು ಸಮನಾಗಿ ಒತ್ತಬಹುದು, ಕ್ಯಾಲಿಪರ್ ಬಾಗುವುದು ಕಮ್ಮಿ. ಪಿಸ್ಟನ್‌ಗಳ ಒಟ್ಟು ಅಳತೆ ತುಂಬಾ ದೊಡ್ಡದಾದರೆ ಅವನ್ನು ತಳ್ಳಲು ಜಾಸ್ತಿ ಆಯಿಲ್ ಬೇಕು, ಮಾಸ್ಟರ್ ಸಿಲಿಂಡರ್ ಹಳೆಯದೇ ಆದ್ದರಿಂದ ಪೆಡಲ್ ಇನ್ನೂ ಆಳಕ್ಕೆ ಹೋಗುತ್ತದೆ.

ತೂತು ಕೊರೆದ ಡಿಸ್ಕ್ ನೋಡಲು ಚೆಂದ, ಒದ್ದೆಯಲ್ಲಿ ನೀರು ಬೇಗ ಹೋಗುತ್ತದೆ. ಆದರೆ ಭಾರದ ಗಾಡಿಯಲ್ಲಿ ಪದೇಪದೇ ಕಾದು ಆರುವಾಗ ಬಿರುಕು ಆ ತೂತಿನ ಅಂಚಿನಿಂದಲೇ ಶುರುವಾಗುತ್ತದೆ. ಗೀರು ಕೊರೆದ ಡಿಸ್ಕ್‌ಗೆ ಈ ಭಯ ಕಮ್ಮಿ, ಅದು ಪ್ಯಾಡಿನ ಮುಖವನ್ನು ಕೆರೆದು ಸ್ವಚ್ಛ ಇಡುತ್ತದೆ. ಭಾರ ಎಳೆಯುವ ಎಸ್‌ಯುವಿಗೆ ನನ್ನ ಆಯ್ಕೆ ಒಳಗೆ ಗಾಳಿ ಹರಿಯುವ, ಮುಖ ನುಣುಪಾಗಿರುವ ದಪ್ಪ ಡಿಸ್ಕ್.

ಇನ್ನು ಹಿಂದೆ ಮುಂದಿನ ಸಮತೋಲ. ಯಾವ ಚಕ್ರಕ್ಕೆ ಎಷ್ಟು ಬಲ ಅಂತ ಕಂಪನಿ ಲೆಕ್ಕ ಹಾಕಿರುತ್ತದೆ, ಎಬಿಎಸ್ ಕೂಡ ಆ ಲೆಕ್ಕವನ್ನೇ ನಂಬಿ ಕೆಲಸ ಮಾಡುತ್ತದೆ. ಮುಂದೆ ಮಾತ್ರ ವಿಪರೀತ ಹೆಚ್ಚಿಸಿದರೆ ಮುಂದಿನ ಟೈರ್‌ಗಳ ಹಿಡಿತ ಬೇಗ ಮುಗಿದು, ಹಿಂದಿನ ಚಕ್ರಗಳು ಮಾಡಬೇಕಾದ ಪಾಲು ಪೂರ್ತಿ ಆಗದೆ, ನಿಲ್ಲುವ ದೂರ ಹೆಚ್ಚಲೂಬಹುದು. ಹಿಂದೆ ಮಾತ್ರ ಹೆಚ್ಚಿಸುವುದು ಇನ್ನೂ ಕೆಟ್ಟದ್ದು: ಹಿಂದಿನ ಚಕ್ರ ಮೊದಲು ಜಾರಿದರೆ ಗಾಡಿ ಗಿರಕಿ ಹೊಡೆಯುತ್ತದೆ. ಆದ್ದರಿಂದ ಬಿಡಿಬಿಡಿಯಾಗಿ ಜೋಡಿಸುವ ಬದಲು ನಿಮ್ಮ ಮಾಡೆಲ್‌ಗೆಂದೇ ಲೆಕ್ಕ ಹಾಕಿ ಮಾಡಿದ ಕಿಟ್ ಕೇಳಿ.

ದೊಡ್ಡ ಕ್ಯಾಲಿಪರ್ ಈಗಿರುವ ರಿಮ್ ಒಳಗೆ ಕೂರುತ್ತದಾ ಅಂತಲೂ ಅಳೆಯಬೇಕು. ಸ್ಟೆಪ್ನಿಯನ್ನು ಮರೆಯಬೇಡಿ. ನಾಲ್ಕು ಚಕ್ರ ಸರಿಯಾಗಿ ಕೂತು, ಸ್ಟೆಪ್ನಿ ರಿಮ್ ಮಾತ್ರ ಚಿಕ್ಕದಾಗಿ ಕ್ಯಾಲಿಪರ್‌ಗೆ ತಾಗಿದರೆ, ಅದು ಗೊತ್ತಾಗುವುದು ಪಂಕ್ಚರ್ ಆದ ದಿನವೇ. ವಿಮೆಯ ಷರತ್ತು, ವಾರಂಟಿ, ನಿಮ್ಮಲ್ಲಿನ ವಾಹನ ನಿಯಮ ಇಂಥ ಬದಲಾವಣೆ ಒಪ್ಪುತ್ತವಾ ಅಂತಲೂ ಕೆಲಸಕ್ಕೆ ಕೈಹಾಕುವ ಮುಂಚೆಯೇ ನೋಡಿಕೊಳ್ಳಿ.

ಹಾಕಿಸಿದ ದಿನ

ಕೆಲಸ ಮಾಡುವಾಗ ಕ್ಯಾಲಿಪರನ್ನು ಹೋಸ್ ಮೇಲೆ ಜೋತುಬಿಡಬಾರದು, ತಂತಿಯಿಂದ ಕಟ್ಟಿ ನಿಲ್ಲಿಸಬೇಕು. ಹೋಸ್ ಒಳಗೆ ಹರಿದರೆ ಹೊರಗಿಂದ ಕಾಣುವುದಿಲ್ಲ. ಪೈಪ್ ಬಿಚ್ಚಿದ್ದರೆ ಗಾಳಿ ಪೂರ್ತಿ ತೆಗೆಯಬೇಕು. ಕೆಲವು ಗಾಡಿಗಳಲ್ಲಿ ಎಬಿಎಸ್ ಘಟಕದೊಳಗಿನ ಗಾಳಿ ತೆಗೆಯಲು ಸ್ಕ್ಯಾನರ್ ಬೇಕಾಗುತ್ತದೆ. ಗಾಡಿ ಚಲಿಸುವ ಮುಂಚೆ ಪೆಡಲ್ ಗಟ್ಟಿಯಾಗುವವರೆಗೆ ಹಲವು ಸಲ ಒತ್ತಿ. ಹೊಸ ಪ್ಯಾಡ್ ಹಾಕುವಾಗ ಪಿಸ್ಟನ್ ಹಿಂದೆ ತಳ್ಳಿರುತ್ತಾರೆ, ಮೊದಲ ಒಂದೆರಡು ಒತ್ತಿಗೆ ಬ್ರೇಕೇ ಇರುವುದಿಲ್ಲ.

ಹೊಸ ಪ್ಯಾಡ್ ಮತ್ತು ಡಿಸ್ಕ್ ಒಂದಕ್ಕೊಂದು ಪಳಗಬೇಕು. ಖಾಲಿ ರಸ್ತೆಯಲ್ಲಿ ಮಧ್ಯಮ ವೇಗದಿಂದ, ಪೂರ್ತಿ ನಿಲ್ಲಿಸದೆ, ಹದವಾಗಿ ಹಲವು ಸಲ ವೇಗ ಇಳಿಸಿ, ನಡುವೆ ಸ್ವಲ್ಪ ಓಡಿಸಿ ಆರಲು ಬಿಡಬೇಕು. ಪ್ಯಾಡಿನ ತೆಳು ಪದರ ಡಿಸ್ಕ್ ಮೇಲೆ ಸಮನಾಗಿ ಕೂರುವುದು ಹೀಗೆಯೇ. ಎಷ್ಟು ಸಲ, ಯಾವ ವೇಗದಿಂದ ಅನ್ನುವುದು ಪ್ಯಾಡಿನ ಡಬ್ಬಿಯಲ್ಲಿ ಬರೆದಿರುತ್ತದೆ, ಅದನ್ನು ಹಾಗೆಯೇ ಪಾಲಿಸಿ. ಇದನ್ನು ಮಾಡದೆ ನೇರವಾಗಿ ಘಾಟಿಗೆ ಹೋದರೆ ಹೊಸ ಪ್ಯಾಡೂ ಹಿಡಿತ ಬಿಡಬಹುದು.

ವೀಲ್ ನಟ್‌ಗಳನ್ನು ಎದುರುಬದುರಾಗಿ, ಟಾರ್ಕ್ ವ್ರೆಂಚ್‌ನಲ್ಲಿ, ಕಂಪನಿ ಹೇಳಿದ ಅಳತೆಗೆ ಬಿಗಿಸಲು ಮೆಕ್ಯಾನಿಕ್‌ಗೆ ಹೇಳಿ. ಗಾಳಿ ಗನ್ನಿನಲ್ಲಿ ಒಂದೊಂದಕ್ಕೆ ಒಂದೊಂದು ಥರ ಬಿಗಿದರೆ ಹೊಸ ಡಿಸ್ಕ್ ಸರಿಯಾಗಿ ಕೂರದೆ, ಕೆಲವು ಸಾವಿರ ಕಿ.ಮೀ. ಆದ ಮೇಲೆ ಸ್ಟೀರಿಂಗ್ ನಡುಗಲು ಶುರುವಾಗಬಹುದು. ನೂರು ಕಿ.ಮೀ. ಓಡಿಸಿದ ಮೇಲೆ ನಟ್‌ಗಳನ್ನು ಮತ್ತೊಮ್ಮೆ ಪರೀಕ್ಷಿಸಿ, ಚಕ್ರದ ಒಳಗಡೆ ಟಾರ್ಚ್ ಬಿಟ್ಟು ಹೋಸ್ ಜೋಡಣೆಗಳ ಹತ್ತಿರ ಒದ್ದೆ ಕಾಣುತ್ತದಾ ನೋಡಿ.